ವಿಭೂತಿ ಬಳಿಸಿಕೊಂಡ ವಿಮಾನ

ತೊಂಬತ್ತರ ದಶಕದ ಕೊನೆಗೆ ನಾನು ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಅದನ್ನು ಆಟ ಎಂದವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಅದಕ್ಕೊಂದು ಹೊಸ ವಿಮಾನ ಸೇರಿಸಿದ್ದೆ. ರೆಕ್ಕೆಗೊಂದರಂತೆ ಎರಡು ಪಂಖಾ, ಸಣ್ಣ ಊರುಗಳ ನಡುವೆ ಓಡಾಡುವಂಥದ್ದು. ನಿಜವಾದ ವಿಮಾನದ ಗುಂಡಿ, ಮುಳ್ಳು ಎಲ್ಲ ಇದ್ದಲ್ಲೇ ಇದ್ದವು. ಇಳಿಸುವಾಗ ವೇಗ ಒಂದಿಷ್ಟು ತಪ್ಪಿದರೆ ಮೂಗು ನೆಲಕ್ಕೆ. ತಿಂಗಳುಗಟ್ಟಲೆ ಬಿದ್ದು ಎದ್ದು ಕಲಿತೆ.

ಪಿಯುಸಿ ಮುಗಿದಾಗಲೇ ಪೈಲಟ್ ಆಗುತ್ತೇನೆ ಎಂದಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಅಪ್ಪ "ಹುಚ್ಚ ಹಿಡದೈತೇನ ನಿನಗ?" ಎಂದು ಮಾತು ಮುಗಿಸಿದ್ದ. ಈಗ ಅವನ ಕಣ್ಣೆದುರೇ ವಿಮಾನ ಇಳಿಸಿ, ಅದೇ ಮಾತನ್ನು ಮತ್ತೆ ಎತ್ತಬೇಕೆಂದಿದ್ದೆ. ಆಯುಧ, ಯಂತ್ರಗಳನ್ನೆಲ್ಲ ಪೂಜಿಸುವ ಖಂಡೇಪೂಜೆಯ ದಿನ ಕೇಂದ್ರಕ್ಕೆ ಬರಲು ಅಪ್ಪ ಒಪ್ಪಿದ.

ಅವತ್ತು ನಾನು ಬರುವ ಮೊದಲೇ ಕೇಂದ್ರದ ಮಾಲೀಕರು ಕಂಪ್ಯೂಟರುಗಳಿಗೆಲ್ಲ ಹಾರ ಹಾಕಿದ್ದರು. ಹಾಕಲಿ. ಆದರೆ ನನ್ನ ಸಿ.ಡಿ.ಯನ್ನೂ ತಟ್ಟೆಯಲ್ಲಿಟ್ಟು, ಅದರ ಹೊಳೆಯುವ ಮಗ್ಗುಲಿಗೆ ಮೂರು ಬೆರಳು ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಪೂಜೆಯಾದ ಮೇಲೆ ಒರಟು ಅರಿವೆಯಿಂದ ಗಸಗಸ ಒರೆಸಿಬಿಟ್ಟಿದ್ದರು!

"ಸರ, ಮಷಿನ್ ಓದೂದ ಆ ಮಗ್ಗಲಾರೀ!" ಎಂದು ಕಿರುಚಿದೆ.

"ಹೊಳಿಯೂದ ಮುಖ ಅಲ್ಲೇನವಾ? ಬೆನ್ನಿಗೆ ಯಾರರ ಕುಂಕುಮ ಹಚ್ತಾರೇನು?" ಎಂದರು.

ಪಾಠದ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಬೆಳಿಗ್ಗೆ ಮತ್ತೆ ತುಂಬಿದರಾಯಿತೆಂದು ಹಿಂದಿನ ಸಂಜೆ ವಿಮಾನವನ್ನು ಅಳಿಸಿದ್ದೆ. ಮತ್ತೆ ತುಂಬಲು ಆ ಸಿ.ಡಿ.ಯೊಂದೇ ಗತಿ; ಆಟದ ಬೇರೆ ವಿಮಾನ ಇಳಿಸಲು ನಾನು ಕಲಿತಿರಲಿಲ್ಲ. ಒಳಗೆ ಹಾಕಿದರೆ ಕೊರಕೊರ ಅಂದು ಸುಮ್ಮನಾಯಿತು. ತೊಳೆದು ಹಾಕಿದೆ. ತೊಳೆದರೆ ಗೀರುಗಳು ಹೋಗುತ್ತವೆಯೇ?

ಅಷ್ಟರಲ್ಲಿ ಅಪ್ಪ ಬಂದ. ಬಂದವನು ಮಾಲೀಕರ ಪರವೇ ವಹಿಸಿದ. "ದೇವರ ಹೆಸರಿಲೆ ಮಾಡ್ಯಾರ, ಬಿಡವಾ. ಹೆಂಗ ಇಳಸ್ತಿದ್ದಿ, ಬಾಯಿಲೆ ಹೇಳು."

ಕಪ್ಪು ಪರದೆಯ ಮುಂದೆ ಕೂತು ಸಿಟ್ಟಿನಲ್ಲೇ ಹೇಳಿದೆ. ಎಡಗಡೆಯ ಎಂಜಿನ್ ಕೆಟ್ಟರೆ ಬಲಗಾಲು ಒತ್ತಬೇಕು, ನಿಂತ ಪಂಖಾದ ಅಲಗುಗಳನ್ನು ಗಾಳಿ ತಡೆಯದಂತೆ ಹೊರಳಿಸಬೇಕು, ಚಕ್ರ ಯಾವಾಗ ಇಳಿಬಿಡಬೇಕು, ಎಲ್ಲ. ಅಪ್ಪ ಮುಂದಕ್ಕೆ ಬಾಗಿ ಕೇಳುತ್ತಿದ್ದ.

"ಎರಡೂ ಕೆಟ್ರ?"

ಅದನ್ನೂ ಹೇಳಿದೆ. ಇನ್ನು ನನ್ನ ಮಾತು ಎತ್ತಬೇಕು ಅನ್ನುವಷ್ಟರಲ್ಲಿ ಅಪ್ಪ ಮಾಲೀಕರ ಕಡೆ ತಿರುಗಿ, ಹೆಮ್ಮೆಯಿಂದಲೇ ಅಂದ: "ಇಕಿ ಗಂಡಾಗಿ ಹುಟ್ಟಿದ್ರ, ಹೊಲಾ ಮಾರಿಯಾದ್ರೂ ಪೈಲಟ್ ಮಾಡಸ್ತಿದ್ದೆ ನೋಡ್ರಿ."

ಮಾಲೀಕರು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಸಿ.ಡಿ.ಯ ಸಿಟ್ಟು ಅದರ ಮುಂದೆ ಏನೂ ಅಲ್ಲ.

"ಹೊಲಾ ಈಗೂ ಐತೆಲ್ಲಪ್ಪಾ?" ಎಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. ಬ್ಯಾಡಗಿ ಬಸ್ಸಿಗೆ ಹೊತ್ತಾಯಿತೆಂದು ಎದ್ದ.