ಎಡೆಯ ಮುಂದೆ ಇಟ್ಟ ಬಾಚಣಿಗೆ

ಇದು ನಮ್ಮ ಮನೆಯಲ್ಲೇ ನಡೆದದ್ದು. ಯಾರದೋ ಬಾಯಿಂದ ಕೇಳಿದ್ದಲ್ಲ. ನಾನು ದೆವ್ವ ಭೂತ ಎಂದು ಬೆಚ್ಚಿಬೀಳುವ ಪೈಕಿಯೂ ಅಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವವಳು. ದಿನವಿಡೀ ಕಂಡವರ ತಲೆಯಲ್ಲಿ ಕೈಯಾಡಿಸುವವಳಿಗೆ ಕತೆ ಕಟ್ಟಲು ಪುರುಸೊತ್ತೂ ಇರುವುದಿಲ್ಲ. ಆ ಸಂಜೆ ನನ್ನ ಪಕ್ಕದಲ್ಲಿ ಗಂಡ ಮಂಜು ಇದ್ದ, ಅತ್ತೆ ಇದ್ದರು. ಕೇಳಿಸಿದ್ದು ಮೂವರಿಗೂ. ಆದರೆ ಇವತ್ತಿನವರೆಗೂ ನಾವು ಮೂವರೂ ಕೂತು ಆ ಬಗ್ಗೆ ಒಂದು ಮಾತೂ ಆಡಿಲ್ಲ...

ನಮ್ಮ ಮಾವ ಫ್ಯಾಕ್ಟರಿಯಿಂದ ನಿವೃತ್ತರಾದ ವರ್ಷ ಒಂದು ನಾಯಿಮರಿ ತಂದರು. ಗೋಲ್ಡನ್ ರಿಟ್ರೀವರ್. ಹೆಸರು ಭೀಮ. ಈ ಸೆಕೆಗೆ ಇಷ್ಟುದ್ದ ಕೂದಲಿನ ನಾಯಿ ಯಾಕೆ ಎಂದು ನಾನು ಕೇಳಿದ್ದೆ. ಮಾವ ನಕ್ಕು, "ನಿನ್ ಪಾರ್ಲರಿಗೆ ಕರ್ಕೊಂಡ್ ಬರಲ್ಲ, ಹೆದರ್ಬೇಡ ಮಾರಾಯ್ತಿ" ಎಂದಿದ್ದರು. ಹೇಳಿದಂತೆಯೇ ನಡೆದುಕೊಂಡರು. ದಿನಾ ಸಂಜೆ ಜಗಲಿಯ ಮೇಲೆ ಕೂತು, ಬಾಯಲ್ಲಿ ಬೀಡಿ ಕಚ್ಚಿ, ಸ್ಟೀಲ್ ಬಾಚಣಿಗೆಯಿಂದ ಅವನ ಮೈ ಬಾಚುತ್ತಿದ್ದರು. ಉಣ್ಣಿ ಹುಳ ಹೆಕ್ಕುವುದು, ಉಗುರು ಕತ್ತರಿಸುವುದು, ಕಿವಿ ಒರೆಸುವುದು ಎಲ್ಲ ಅವರದೇ. ಬೇರೆಯವರ ಕೈಗೆ ಅವನೂ ಮೈಕೊಡಲಿಲ್ಲ, ಇವರೂ ಬಿಟ್ಟುಕೊಡಲಿಲ್ಲ.

ಹೀಗೇ ಎಷ್ಟೋ ವರ್ಷ ನಡೆಯಿತು. ಒಂದು ದೀಪಾವಳಿ ಕಳೆದ ಮೇಲೆ ಮಾವ ತೀರಿಕೊಂಡರು. ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ.

ಭೀಮ ಊಟ ಮಾಡುತ್ತಿದ್ದ, ವಾಕಿಂಗ್ ಬರುತ್ತಿದ್ದ. ಆದರೆ ಬಾಚಣಿಗೆ ಕಂಡರೆ ಸಾಕು, ಹಲ್ಲು ಬಿಡುತ್ತಿದ್ದ. ಮೊದಲು ಕಿವಿಯ ಹಿಂದೆ ಗಂಟು ಬಿತ್ತು, ಆಮೇಲೆ ತೊಡೆಯಲ್ಲಿ. ಬೇಸಿಗೆ ಮುಗಿಯುವಷ್ಟರಲ್ಲಿ ಇಡೀ ಬೆನ್ನು ಹಳೇ ಚಾಪೆಯಂತಾಗಿತ್ತು. ಚಪಾತಿ ತೋರಿಸಿದೆ, ಕೋಳಿ ತೋರಿಸಿದೆ, ನಿದ್ದೆಯಲ್ಲಿದ್ದಾಗ ಕತ್ತರಿ ಹಿಡಿದು ಹೋದೆ. ಹಿಡಿದುಕೊಳ್ಳಲು ಹೋಗಿ ಕಚ್ಚಿಸಿಕೊಂಡ ಮಂಜುವಿನ ಕೈಗೆ ಹೊಲಿಗೆ ಬಿತ್ತು. ಶಿವಮೊಗ್ಗದ ರವೀಂದ್ರನಗರದಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಯೊಂದಿದೆ ಎಂದು ಅಲ್ಲಿಗೂ ಕರೆದೊಯ್ದೆವು. ಅವರು ಬಾಯಿಪಟ್ಟಿ ಕಟ್ಟಲು ಹೋಗಿ, ಟೇಬಲ್ ಉರುಳಿಸಿಕೊಂಡು, ಕೈಮುಗಿದು ಕಳಿಸಿದರು. ಪಾರ್ಲರಿಗೆ ಬರುವ ಹೆಂಗಸರು ಮೂಗು ಮುಚ್ಚಿಕೊಂಡು, "ದೀಪದ ಬುಡದಲ್ಲೇ ಕತ್ತಲು ಅಂದ ಹಾಗಾಯ್ತು ಶೋಭಾ ನಿಮ್ ಕತೆ" ಎಂದು ನಗುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ವಾಸನೆ ಬೇರೆಯಾಯಿತು. ಕೊಳೆತ ವಾಸನೆ... ತೊಡೆಯ ಗಂಟಿನ ಕೆಳಗೆ ಎಲ್ಲೋ ಗಾಯವಾಗಿ ಹುಳ ಬಿದ್ದಿತ್ತು. ಕೂದಲಿನ ಸಂದಿಯಿಂದ ಒಂದು ಬಿಳಿ ಹುಳ ನೆಲಕ್ಕೆ ಬಿದ್ದದ್ದನ್ನು ನಾನೇ ನೋಡಿದೆ. ಅಮಾವಾಸ್ಯೆಯ ಬೆಳಿಗ್ಗೆಯೇ ಹೇಗೋ ಕಾರಿಗೆ ಹತ್ತಿಸಿಕೊಂಡು ಶಿವಮೊಗ್ಗದ ದುರ್ಗಿಗುಡಿಯ ನಾಯಿ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರು ದೂರದಿಂದಲೇ ನೋಡಿ, ಎದೆಗೆ ಸ್ಟೆತಸ್ಕೋಪ್ ಇಡಲು ಹರಸಾಹಸಪಟ್ಟು, ತಲೆ ಅಲ್ಲಾಡಿಸಿದರು. "ಹಾರ್ಟ್ ತುಂಬಾ ವೀಕ್ ಇದೆ. ಮತ್ತಿನ ಮದ್ದು ಕೊಟ್ರೆ ಏಳಲ್ಲ. ಮತ್ತಿಲ್ದೆ ಮುಟ್ಟೋಕೆ ಬಿಡಲ್ಲ. ಕೂದ್ಲು ತೆಗೀದೆ ಔಷಧಿ ಗಾಯಕ್ಕೆ ಇಳಿಯಲ್ಲ."

"ಹಂಗಾದ್ರೆ ಏನ್ ಮಾಡೋದು ಸರ್?" ಎಂದ ಮಂಜು.

"ಹುಳ ಒಳಗೊಳಗೇ ತಿಂತಾ ಇದೆ ಅದನ್ನ. ನಾಳೆ ಬೆಳಿಗ್ಗೆ ಕರ್ಕೊಂಡ್ ಬನ್ನಿ, ಇಂಜೆಕ್ಷನ್ ಕೊಟ್ಟು ನೋವಿಲ್ದಂಗೆ ಕಳಿಸ್ಬಿಡೋಣ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ವಾಪಸ್ ಬರುವಾಗ ಭೀಮ ಹಿಂದಿನ ಸೀಟಿನಲ್ಲಿ ಮಲಗಿ ನನ್ನನ್ನೇ ನೋಡುತ್ತಿದ್ದ. ಅವನಿಗೆ ಉಳಿದಿದ್ದು ಇನ್ನೊಂದೇ ರಾತ್ರಿ.

ಅವತ್ತೇ ನಮ್ಮಲ್ಲಿ ಹಿರಿಯರ ಹಬ್ಬ. ಮಾವ ಹೋದ ಮೇಲೆ ಮೊದಲನೆಯದು. ನಮ್ಮ ಕಡೆ ಸಂಜೆ ದೀಪ ಹಚ್ಚಿದ ಮೇಲೆ, ಒಳಕೋಣೆಯಲ್ಲಿ ಹಿರಿಯರ ಫೋಟೋದ ಮುಂದೆ ಬಾಳೆಎಲೆಯಲ್ಲಿ ಎಡೆ ಇಡುತ್ತೇವೆ. ಕಡುಬು, ಮಟನ್ ಸಾರು, ವಡೆ, ಜೊತೆಗೆ ಹೊಸ ಪಂಚೆ, ಸತ್ತವರಿಗೆ ಏನೇನು ಇಷ್ಟವೋ ಅವೆಲ್ಲ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸದ್ದಿಲ್ಲದೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಬಾಗಿಲು ತೆಗೆಯುವಂತಿಲ್ಲ.

ಅತ್ತೆ ಮಾವನಿಗೆಂದು ಒಂದು ಲೋಟ ಕಾಫಿ, ಒಂದು ಕಟ್ಟು ಬೀಡಿ ಇಟ್ಟರು. ನನಗೆ ಏನಾಯಿತೋ ಗೊತ್ತಿಲ್ಲ. ಮೊಳೆಯಲ್ಲಿ ನೇತಾಡುತ್ತಿದ್ದ ಆ ಸ್ಟೀಲ್ ಬಾಚಣಿಗೆ ತಂದು ಎಲೆಯ ಪಕ್ಕದಲ್ಲಿ ಇಟ್ಟುಬಿಟ್ಟೆ. "ಮಾವ, ನಮ್ ಕೈಲಿ ಆಗ್ಲಿಲ್ಲ. ನಿಮ್ ನಾಯಿನ ನೀವೇ ನೋಡ್ಕೊಳ್ಳಿ" ಎಂದೆ. ಬಾಯಿಬಿಟ್ಟು, ಅಳುತ್ತಲೇ ಹೇಳಿದೆ.

ಅತ್ತೆ ನನ್ನ ರಟ್ಟೆ ಹಿಡಿದರು. "ಏನೇ ಮಾಡ್ದೆ ಶೋಭಾ? ಎಡೆ ಮುಂದೆ ಕೇಳ್ಬಾರ್ದು ಕಣೇ... ಇಟ್ಟು ಕೈಮುಗಿದು ಬರ್ಬೇಕು ಅಷ್ಟೆ. ಉಂಡು ಹೋಗೋರನ್ನ ನಿಲ್ಲಿಸ್ದಂಗೆ ಆಗುತ್ತೆ."

ಆಡಿದ ಮಾತು ಆಡಿಯಾಗಿತ್ತು. ಬಾಗಿಲು ಹಾಕಿ, ನಡುಮನೆಯ ಬೆಂಚಿನ ಮೇಲೆ ಮೂವರೂ ಕೂತೆವು.

ಮೊದಲು ಕೇಳಿಸಿದ್ದು ಉಗುರಿನ ಸದ್ದು. ಕೋಣೆಯ ಒಳಗೆ, ನೆಲದ ಮೇಲೆ... ಟಕ್ ಟಕ್ ಟಕ್.

ಮಂಜು ಎದ್ದು ಹಿತ್ತಿಲಿಗೆ ಹೋಗಿ ಬಂದ. ಮುಖ ಬಿಳುಚಿತ್ತು. "ಚೈನಲ್ಲಿ ಭೀಮ ಇಲ್ಲ" ಎಂದು ಪಿಸುಗುಟ್ಟಿದ. "ಎಡೆ ಇಡೋವಾಗ ಒಳಗೆ ನುಗ್ಗಿರ್ಬೇಕು. ಮಟನ್ ಇದೆಯಲ್ಲೇ ಅಲ್ಲಿ!" ಚಿಲಕಕ್ಕೆ ಕೈ ಹಾಕಿದವನನ್ನು ಅತ್ತೆ ಹಿಡಿದುಕೊಂಡರು.

"ತೆಗೀಬೇಡ."

"ಎಡೆಗೆ ನಾಯಿ ಬಾಯಿ ಹಾಕುತ್ತಮ್ಮ..."

"ತೆಗೀಬೇಡ ಅಂದೆ."

ಆಗ ಬೀಡಿಯ ವಾಸನೆ ಬಂತು. ಇಟ್ಟಿದ್ದು ಹಚ್ಚದ ಬೀಡಿ. ಕೋಣೆಯಲ್ಲಿ ದೀಪವಿತ್ತು, ನಿಜ. ಆದರೆ ಆ ವಾಸನೆ ಸುಟ್ಟದ್ದಲ್ಲ, ಎಳೆದು ಬಿಟ್ಟದ್ದು. ಜಗಲಿಯ ಮೇಲೆ ಅಷ್ಟು ವರ್ಷ ಸಹಿಸಿಕೊಂಡವಳು ನಾನು, ನನಗೆ ಗೊತ್ತು.

ಅದರ ಹಿಂದೆಯೇ... ಸರ್... ಸರ್... ಸರ್...

ಬಾಚುವ ಸದ್ದು. ನನ್ನ ಕಸುಬು ಅದು, ತಪ್ಪು ತಿಳಿಯಲು ಸಾಧ್ಯವೇ ಇಲ್ಲ. ಗಂಟಿಗೆ ಸಿಕ್ಕಾಗ ಬಾಚಣಿಗೆ ನಿಲ್ಲುತ್ತಿತ್ತು. ಜಗ್ಗುತ್ತಿರಲಿಲ್ಲ. ಕೂದಲಿನ ತುದಿಯಿಂದ ಬಿಡಿಸುತ್ತಾ ನಿಧಾನವಾಗಿ ಬುಡಕ್ಕೆ ಹೋಗುತ್ತಿತ್ತು. ಮತ್ತೆ ತುದಿ, ಮತ್ತೆ ಬುಡ. ಕೈ ಪಳಗಿದವರು ಮಾತ್ರ ಹಾಗೆ ಬಾಚುತ್ತಾರೆ. ಭೀಮ ಒಮ್ಮೆ ಕುಂಯ್ ಎಂದ. ಗುರ್ರೆನ್ನುತ್ತಾನೆ ಎಂದು ನಾನು ಉಸಿರು ಬಿಗಿಹಿಡಿದೆ. ಗುರ್ರೆನ್ನಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟ.

ಮಂಜು ನನ್ನ ಕೈಯನ್ನು ನೋಯುವಷ್ಟು ಅದುಮಿ ಹಿಡಿದಿದ್ದ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಒಳಗೆ ಯಾರೂ ಮಾತಾಡಲಿಲ್ಲ. ಅದೊಂದೇ ಸದ್ದು... ಎಷ್ಟೋ ಹೊತ್ತು.

ಆಮೇಲೆ ಅದೂ ನಿಂತಿತು.

ಪದ್ಧತಿಯಂತೆ ಅತ್ತೆಯೇ ಕೆಮ್ಮಿ ಬಾಗಿಲು ತೆಗೆದರು. ದೀಪ ಉರಿಯುತ್ತಿತ್ತು. ಕಿಟಕಿಗೆ ಒಳಗಿನಿಂದ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಎಲೆಯ ಮೇಲಿನ ಮಟನ್ನಿಗೆ ಭೀಮ ಮೂಗು ಕೂಡ ತಾಗಿಸಿರಲಿಲ್ಲ. ಫೋಟೋದ ಕೆಳಗೆ, ಮುಂಗಾಲು ಚಾಚಿ ನಿದ್ದೆ ಹೋಗಿದ್ದ. ಮೈಮೇಲೆ ಒಂದು ಗಂಟೂ ಇರಲಿಲ್ಲ. ಉದುರಿದ ಕೂದಲೆಲ್ಲ ಗೋಡೆಯ ಮೂಲೆಯಲ್ಲಿ ರಾಶಿ ಬಿದ್ದಿತ್ತು. ತೊಡೆಯ ಗಾಯ ಹೊರಗೆ ಕಾಣುತ್ತಿತ್ತು, ಅದರ ಸುತ್ತಲಿನ ಕೂದಲನ್ನು ಆಚೀಚೆ ಬೈತಲೆ ತೆಗೆದು ಸರಿಸಲಾಗಿತ್ತು.

ಭಯಪಡಲೂ ಪುರುಸೊತ್ತಿರಲಿಲ್ಲ. ಅವನು ಎಚ್ಚರವಾಗುವ ಮೊದಲೇ ಹುಳದ ಔಷಧಿ ಸಿಂಪಡಿಸಿದೆ. ಬೆಳಿಗ್ಗೆ ಡಾಕ್ಟರು ನೋಡಿ ಕಣ್ಣರಳಿಸಿದರು. "ಕತ್ರಿ ಹಾಕ್ದೆ ಇಷ್ಟು ಗಂಟು ಬಿಡಿಸಿದ್ದೀರಲ್ರೀ! ಚರ್ಮ ಒಂಚೂರೂ ಕಿತ್ತಿಲ್ಲ. ಪಾರ್ಲರ್‌ನೋರು ಅಂದ್ರೆ ಸುಮ್ನೇನಾ?" ನಾನು ಹೂಂ ಎಂದೆ. ಇಂಜೆಕ್ಷನ್ ಮಾತು ಅಲ್ಲಿಗೇ ಮುಗಿಯಿತು.

ನಾಯಿಯೇ ಕೆರೆದುಕೊಂಡು ಗಂಟೆಲ್ಲ ಉದುರಿ ಹೋಗಿರಬೇಕು ಎಂದು ಮಂಜು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಹೇಳಿಕೊಳ್ಳಲಿ. ಭೀಮ ಬದುಕಿದ, ಗಾಯ ಮಾಯ್ದಿದೆ. ನನ್ನ ಕೈಯಲ್ಲಿ ಬಾಚಣಿಗೆ ಕಂಡರೆ ಈಗಲೂ ಹಲ್ಲು ಬಿಡುತ್ತಾನೆ. ಆದರೂ ಅವನ ಮೈಯಲ್ಲಿ ಮತ್ತೆ ಗಂಟು ಬಿದ್ದಿಲ್ಲ. ಯಾರೂ ಬಾಚುವುದಿಲ್ಲ, ಗಂಟು ಬೀಳುವುದಿಲ್ಲ. ಹೇಗೆ ಎಂದು ನಾವು ಒಬ್ಬರನ್ನೊಬ್ಬರು ಕೇಳುವುದೂ ಇಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಅತ್ತೆಗೆ ಭುಜದ ನೋವು, ಕೈ ಮೇಲೆ ಎತ್ತಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಅವರ ತಲೆ ಬಾಚಿ ತುರುಬು ಕಟ್ಟುವವಳು ನಾನೇ. ಮೊನ್ನೆ ನಾನು ಹಾಲು ತರಲು ಎದ್ದು ಅವರ ಕೋಣೆಯ ಮುಂದೆ ಹಾದುಹೋಗುವಾಗ ಅತ್ತೆ ನನ್ನನ್ನು ಕರೆದರು. ಭೀಮ ಮಂಚದ ಕೆಳಗೆ ಮಲಗಿದ್ದ. ಅತ್ತೆಯ ಮುಖ ಹುಡುಗಿಯ ಹಾಗೆ ಅರಳಿತ್ತು.

"ಇವತ್ತು ಎಷ್ಟ್ ಮೆತ್ತಗೆ ಬಾಚ್ದೆ ಕಣೇ. ಹಂಗೇ ನಿದ್ದೆ ಬಂದ್ಬಿಡ್ತು. ನೀನ್ ಯಾವಾಗ ಎದ್ದು ಹೋದ್ಯೋ ಗೊತ್ತೇ ಆಗ್ಲಿಲ್ಲ ನೋಡು."

ನೆತ್ತಿಯಿಂದ ನುಣ್ಣಗೆ ಬಾಚಿ, ಬಿಗಿಯಾಗಿ ತುರುಬು ಕಟ್ಟಿತ್ತು. ನಾನು ಆಗಷ್ಟೇ ಹಾಸಿಗೆ ಬಿಟ್ಟು ಬಂದಿದ್ದೆ.

ಅವತ್ತು ಎಡೆಯ ಮುಂದೆ ನಾನು ಕೇಳಿದ್ದು ನಾಯಿಯೊಂದನ್ನು ನೋಡಿಕೊಳ್ಳಿ ಎಂದು. ದೇವರಾಣೆ, ಬೇರೇನೂ ಕೇಳಲಿಲ್ಲ.

"ಹೌದತ್ತೆ, ನಾನೇ ಬಾಚಿದ್ದು" ಎಂದೆ.

ಈಗ ದಿನಾ ಇನ್ನೂ ಕತ್ತಲಿರುವಾಗಲೇ ಎದ್ದು, ಅತ್ತೆಯ ಕೋಣೆಗೆ ಓಡುತ್ತೇನೆ. ಕೆಲವು ದಿನ ಅವರ ಕೂದಲು ಕೆದರಿರುತ್ತದೆ, ನಾನು ಬಾಚುತ್ತೇನೆ. ಕೆಲವು ದಿನ ನಾನು ಹೋಗುವಷ್ಟರಲ್ಲಿ ತುರುಬು ಕಟ್ಟಿಯಾಗಿರುತ್ತದೆ...