ಶೇಷ ಒಂದು

ನನಗೆ ಒಂದು ಸಂಖ್ಯೆಯನ್ನು ಕಂಡರೆ ಭಯ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಅಕ್ಕ ಖಾನಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಚಿಕ್ಕಂದಿನಿಂದಲೂ ನಮ್ಮಿಬ್ಬರದು ಒಂದೇ ಆಟ. ಬೆಳಗಾವಿಯ ಬಸ್ಸು ಹತ್ತಿದರೆ ಸಾಕು, ಎದುರು ಬರುವ ಗಾಡಿಯ ನಂಬರು ಯಾವುದರಿಂದ ಭಾಗವಾಗುತ್ತದೆಂದು ಮೊದಲು ಹೇಳಿದವರು ಗೆದ್ದಂತೆ. ನಾನು ಏಳರ ಮಗ್ಗಿಯಲ್ಲಿ ತಡವರಿಸುವಷ್ಟರಲ್ಲಿ ಅವಳು "ನಿಶ್ಶೇಷ" ಎಂದು ಆಟ ಮುಗಿಸುತ್ತಿದ್ದಳು. ಶೇಷವೇನೂ ಉಳಿಯದಂತೆ ಭಾಗವಾದರೆ ಹಾಗೆಯೇ ಅನ್ನಬೇಕು. ನಾನು "ಎಲ್ಲಾ ಹೋತು" ಎಂದರೆ ಅವಳಿಗೆ ಸಿಟ್ಟು. "ಹಂಗ ಅನಬ್ಯಾಡ. ಗಣಿತಕ್ಕ ಅದರದ ಮಾತು ಐತಿ" ಎನ್ನುತ್ತಿದ್ದಳು. ಸೋತ ಉರಿಗೆ ನಾನು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ.

ಕಳೆದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಶಹಾಪುರದ ನಮ್ಮ ಮನೆಗೆ ಕರೆತಂದೆ. ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ನೀರು ಬೇಕೆನ್ನಲಿಲ್ಲ. ಫ್ಯಾನು ನೋಡುತ್ತ ಒಂಬತ್ತು ಅಂಕಿಗಳನ್ನಷ್ಟೇ ಹೇಳುತ್ತಿದ್ದಳು: ಎರಡು, ಮೂರು, ಎರಡು, ಏಳು, ಒಂಬತ್ತು, ಎರಡು, ಐದು, ಆರು, ಒಂದು. ಹಾಡುಹಗಲಲ್ಲಿ, ಪಕ್ಕದ ಮನೆಯ ಪವರ್‌ಲೂಮ್ ಸದ್ದಿನ ನಡುವೆ, ಏರಿಳಿತವಿಲ್ಲದ ಅದೇ ದನಿ. 

"ಒಳಗ ತಿಳುವಳಿಕಿ ಉಳಿದಂಗ ಕಾಣಂಗಿಲ್ರಿ. ಬಾಯಿಗೆ ಬಂದದ್ದು ಅಂತಾರ, ಅಷ್ಟ" ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ನಂಬಿಯೂ ಬಿಟ್ಟೆ.

ಒಂದು ಮಧ್ಯಾಹ್ನ, ಹಳೆಯ ಚಟಕ್ಕೆ, ಇಪ್ಪತ್ತಮೂರು ಕೋಟಿ ಚಿಲ್ಲರೆಯ ಆ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದು ಭಾಗಿಸತೊಡಗಿದೆ. ಎರಡರಿಂದ ಭಾಗಿಸಿದರೆ ಒಂದು ಉಳಿಯಿತು. ಮೂರರಿಂದ ಭಾಗಿಸಿದರೂ ಒಂದು. ನಾಲ್ಕು, ಐದು, ಆರು, ಏಳು, ಪ್ರತಿ ಸಲವೂ ಒಂದೇ. ಹದಿಮೂರಕ್ಕೆ ಬರುವಾಗ ಹಾಳೆ ಅರ್ಧ ತುಂಬಿತ್ತು. ಇಪ್ಪತ್ತರವರೆಗೂ ಹೋದೆ. ಎಲ್ಲದರಲ್ಲೂ ಸರಿಯಾಗಿ ಒಂದು ಉಳಿಯಿತು. ಕೊನೆಯ ಒಂದರ ಜಾಗದಲ್ಲಿ ಸೊನ್ನೆ ಇದ್ದಿದ್ದರೆ ಅಷ್ಟೂ ಭಾಗಗಳು ನಿಶ್ಶೇಷ. ಇಂಥ ಸಂಖ್ಯೆ ಸುಮ್ಮನೆ ಬಾಯಿಗೆ ಬರುವುದಿಲ್ಲ. ಅಕ್ಕ ಒಳಗಿದ್ದಳು. ಒಂದು ಉಳಿದಿದೆ ಎಂದು ತಿಂಗಳುಗಟ್ಟಲೆ ನನಗೇ ಹೇಳುತ್ತಿದ್ದಳು. ನಾನೋ ಅವಳ ಎದುರೇ, ಅವಳು ಇಲ್ಲವೇನೋ ಎಂಬಂತೆ ಮಾತಾಡಿಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹಾಳೆ ಹಿಡಿದು ಹಾಸಿಗೆಯ ಬಳಿ ಕೂತೆ.

"ಅಕ್ಕಾ, ಇಪ್ಪತ್ತರ ತನಕ ನೋಡಿದೆ. ಒಂದು ಉಳೀತೈತಿ. ತಿಳೀತು ನನಗ."

ದನಿ ನಿಂತಿತು. ಕಣ್ಣುಗಳು ಫ್ಯಾನಿನಿಂದ ಇಳಿದು ನನ್ನ ಮುಖಕ್ಕೆ ಬಂದವು. ಎಷ್ಟೋ ಹೊತ್ತು ಅವಳ ಕೈ ಹಿಡಿದು ಕೂತಿದ್ದೆ. ಆಮೇಲೆ ಅವಳು ಮತ್ತೆ ಶುರು ಮಾಡಿದಳು. ಎರಡು, ಮೂರು, ಎರಡು, ಏಳು, ಒಂಬತ್ತು, ಎರಡು, ಐದು, ಆರು. ಅಲ್ಲಿ ತಡೆದಳು.

"ಸೊನ್ನೆ" ಎಂದಳು.

"ಒಂದು, ಅಕ್ಕಾ. ಕಡೀಗೆ ಒಂದು ಅನ್ನು" ಎಂದು ಗೋಗರೆದೆ.

ಅವಳು ತಿದ್ದಿಕೊಳ್ಳಲಿಲ್ಲ. ಅದೇ ಅವಳ ಕೊನೆಯ ಮಾತು. ಬಸ್ಸಿನಲ್ಲಿ ಗೆದ್ದಾಗ ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡುತ್ತಿದ್ದಳು.