ಕೂರಿಗೆಯ ಹಿಂದಿನ ಕೈ

ನಮ್ಮ ಕಡೆ ಬಿತ್ತಿಗೆಯ ದಿನ ಹೆಂಗಸಿನ ಮುಖವನ್ನು ಯಾರೂ ನೋಡುವುದಿಲ್ಲ, ಕೈ ನೋಡುತ್ತಾರೆ. ಬಿತ್ತುವ ಕೂರಿಗೆಯ ಮೇಲೆ ಒಂದು ಕಟ್ಟಿಗೆಯ ಬಟ್ಟಲು ಇರುತ್ತದೆ, ಬಟ್ಟಲಿನ ತಳದಲ್ಲಿ ನಾಲ್ಕು ತೂತು, ತೂತಿನಿಂದ ನೆಲದ ತನಕ ನಾಲ್ಕು ಬಿದಿರ ಕೊಳವೆ. ಎತ್ತು ಹೊಡೆಯುವವನು ಮಗ್ಗುಲಲ್ಲಿ ನಡೆಯುತ್ತಾನೆ. ಹೆಂಗಸು ಹಿಂದೆ ನಡೆಯುತ್ತ, ಉಡಿಯಲ್ಲಿನ ಜೋಳವನ್ನು ಮುಷ್ಟಿ ಮುಷ್ಟಿ ತೆಗೆದು, ಹೆಬ್ಬೆರಳಿನಿಂದ ತಿಕ್ಕುತ್ತ ಬಟ್ಟಲಿಗೆ ಬಿಡುತ್ತಾಳೆ. ಹೆಚ್ಚು ಬಿಟ್ಟರೆ ಕೊಳವೆ ಕಟ್ಟಿಕೊಳ್ಳುತ್ತದೆ, ಕಡಿಮೆ ಬಿಟ್ಟರೆ ಸಾಲು ಬರಿದು. ಎಂಟು ದಿನದ ಮೇಲೆ ಮೊಳಕೆ ಎದ್ದಾಗ ಆಕೆಯ ಕೈ ಹೇಗಿತ್ತೆಂದು ಇಡೀ ಊರಿಗೆ ಕಾಣುತ್ತದೆ.

ನನ್ನ ಹೆಂಡತಿಯ ಕೈಗೆ ನಮ್ಮೂರಲ್ಲಿ ಹೆಸರಿತ್ತು. ಹಿಂಗಾರಿ ಬಿತ್ತಿಗೆ ಹತ್ತಿರ ಬಂತೆಂದರೆ ನಾಲ್ಕೈದು ಮನೆಯವರು ಅರಿಷಿಣ, ಕುಂಕುಮ, ಐದು ಎಲೆ ಹಿಡಿದುಕೊಂಡು ನಮ್ಮ ಹೊಸ್ತಿಲಿಗೆ ಬರುತ್ತಿದ್ದರಂತೆ, "ಮೊದಲನೇ ಮುಷ್ಟಿ ಬಿಟ್ಟು ಬಾರವ್ವ" ಅಂತ ಕರೆಯಲು. ಆಕೆ ಅವರ ಹೊಲಕ್ಕೆ ಹೋಗಿ ಮೊದಲ ಸಾಲಿಗೆ ಬೀಜ ಬಿಟ್ಟು ಬರಬೇಕು. ಮುಂದಿನದನ್ನು ಆ ಮನೆಯ ಹೆಂಗಸರು ನೋಡಿಕೊಳ್ಳುತ್ತಿದ್ದರು. ಬರುತ್ತಿದ್ದರಂತೆ ಅಂತ ಯಾಕೆ ಬರೆದೆ ಅಂದರೆ, ಅದನ್ನು ನಾನು ಕಣ್ಣಾರೆ ಕಂಡವನಲ್ಲ. ಆ ಎಂಟು ವರ್ಷ ನಾನು ಪಲ್ಟನ್ನಿನಲ್ಲಿದ್ದೆ.

ನಿಜಾಮರ ಪಲ್ಟನ್ನು. ಮೊದಲು ಬೊಲ್ಲಾರಂನ ದಂಡಿನ ಲೈನು, ಆಮೇಲೆ ಯುದ್ಧಕ್ಕೆಂದು ಹಡಗು ಹತ್ತಿಸಿ ಸಮುದ್ರದಾಚೆ, ಮತ್ತೆ ವಾಪಸು ಲೈನು. ಯುದ್ಧ ಯುದ್ಧ ಅಂತ ಮಂದಿ ಕೇಳುತ್ತಾರೆ. ಅಲ್ಲಿ ನಾನು ಮಾಡಿದ ಹೆಚ್ಚಿನ ಕೆಲಸವೆಂದರೆ ನಡೆದದ್ದು. ನಲವತ್ತೆಂಟರಲ್ಲಿ ರಾಜ್ಯ ಹೋಯಿತು, ಪಲ್ಟನ್ನು ಮುರಿಯಿತು. ಬಂದೂಕು ಇಸಕೊಂಡು, ಊರಿಗೆ ಹೋಗಿ ಅಂದರು. ಲಿಂಗಸುಗೂರಿನ ತನಕ ಸರ್ಕಾರಿ ಮೋಟಾರು ಇತ್ತು. ಅಲ್ಲಿಂದ ಮಸ್ಕಿ, ಮಸ್ಕಿ ದಾಟಿ ಸಿಂಧನೂರಿನ ದಾರಿ ಹಿಡಿದರೆ ನಮ್ಮೂರು. ಮುಂಜಾನೆ ಹೊರಟವನು ಎಲ್ಲೂ ಕೂಡದೆ ನಡೆದು, ದನ ಮನೆಗೆ ಬರುವ ಹೊತ್ತಿಗೆ ಹೊಸ್ತಿಲಲ್ಲಿದ್ದೆ.

ಅವ್ವ ಕೊರಳಿಗೆ ಬಿದ್ದು ಅತ್ತಳು. ಅಪ್ಪ ತೀರಿ ಎರಡು ವರ್ಷವಾಗಿತ್ತು. ನಾನು ಒಮ್ಮೆ ರಜೆಗೆ ಬಂದು ಹೋದ ಮೇಲೆ ಹುಟ್ಟಿದ ಗಂಡುಕೂಸು, ನಡೆದು, ಮಾತು ಕಲಿತು, ಎರಡು ತುಂಬುವುದರೊಳಗೆ ಜ್ವರದಲ್ಲಿ ಹೋಗಿತ್ತು. ಎರಡೂ ಸುದ್ದಿ ಕಾಗದದಲ್ಲಿ ಬಂದಿದ್ದವು. ಎರಡನ್ನೂ ಪಲ್ಟನ್ನಿನ ಮುನ್ಷಿ ಓದಿ ಹೇಳಿದ್ದ. ಕೇಳಿಕೊಂಡು ನಾನು ಕವಾಯತಿಗೆ ಹೋಗಿದ್ದೆ. ಈಗ ಅವ್ವ ಅಳುವಾಗಲೂ ಆಕೆಯ ತಲೆಯ ಮೇಲಿಂದ ಗೋಡೆಯ ದೀಪದ ಗೂಡು ನೋಡುತ್ತ ನಿಂತಿದ್ದೆ. ಗೂಡಿನ ಕೆಳಗೆ ಎಣ್ಣೆ ಇಳಿದು ಕರ್ರಗಾಗಿತ್ತು. ಎಷ್ಟು ದಿನದಿಂದ ಇಳಿದಿರಬೇಕು ಅಂತ ಯೋಚನೆ ಬಂತು, ಅಷ್ಟೇ.

ಹೆಂಡತಿ ಅಳಲಿಲ್ಲ.

"ಕಾಲಿಗೆ ನೀರು ಇಟ್ಟೀನ್ರಿ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಆ ಬೂಟು ಮೊದಲು ತಗೀರಿ. ಎಮ್ಮಿ ಬೆದರಾಕತ್ತೈತಿ."

ಊರವರಿಗೆ ನನ್ನ ನಡಿಗೆ ನಗೆಯಾಟವಾಯಿತು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತವರು ನನ್ನನ್ನು ಕಂಡ ಕೂಡಲೇ, "ಏ, ದಾರಿ ಬಿಡ್ರಲೇ, ಪಲ್ಟನ್ ಬಂತು!" ಅನ್ನುತ್ತಿದ್ದರು. ಗಂಡ ಹೆಂಡತಿ ಮಸ್ಕಿಯ ಸಂತೆಗೆ ಹೊರಟರೆ ಆಕೆ ಬುಟ್ಟಿ ಹೊತ್ತುಕೊಂಡು ಓಡಬೇಕು. "ಯಾವ ಲಡಾಯಿಗೆ ಹೊಂಟೀವ್ರಿ? ಸಂತಿ ಎಲ್ಲೀ ಓಡಿ ಹೋಗಂಗಿಲ್ಲ," ಅನ್ನುವಳು. ನಾನು ನಿಧಾನ ಮಾಡುತ್ತಿದ್ದೆ. ಹತ್ತು ಹೆಜ್ಜೆಯಾದ ಮೇಲೆ ಕಾಲು ತಾನಾಗಿಯೇ ಹಳೆಯ ಲೆಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು.

ಮುಂದಿನ ವರ್ಷ ಉತ್ತರಿ ಮಳೆ ಚೆನ್ನಾಗಿ ಹಿಡಿಯಿತು. ಎರೆಹೊಲ ಹದಕ್ಕೆ ಬಂತು. ಅವ್ವ ಕೂರಿಗೆಗೆ ಅರಿಷಿಣ ಹಚ್ಚಿ, ಹಸಿರು ಬಳೆ ಏರಿಸಿ, ಕಾಯಿ ಒಡೆದಳು. ಸೊಸೆಯ ಉಡಿಗೆ ಜೋಳ ಸುರಿದಳು. ಅಪ್ಪ ಹೊಡೆಯುತ್ತಿದ್ದ ಎತ್ತುಗಳನ್ನು ನಾನು ಹೊಡೆದೆ. ಎಂಟು ವರ್ಷದ ಮೇಲೆ ಹಗ್ಗ ಹಿಡಿದಿದ್ದೆ. ನೆಟ್ಟಗೆ ಹೊಡೆಯಬೇಕು ಅನ್ನುವುದೊಂದೇ ತಲೆಯಲ್ಲಿ.

"ಜರಾ ಮೆಲ್ಲಕ ರೀ," ಅಂತ ಹಿಂದಿನಿಂದ ಆಕೆ ಅಂದದ್ದು ಕೇಳಿಸಿತು. ಎರಡನೇ ಸಾಲಿಗೆ ಮತ್ತೊಮ್ಮೆ. ಮೂರನೇ ಸಲ ಏದುಸಿರಿನಲ್ಲಿ, "ರೀ, ನನ್ನ ಕೈಗೆ ಆಗವಲ್ದು." ಆಮೇಲೆ ಆಕೆ ಹೇಳಲಿಲ್ಲ. ನನಗೆ ಸಿಟ್ಟು ಇರಲಿಲ್ಲ, ಅವಸರವೂ ಇರಲಿಲ್ಲ. ಕಿವಿಯೊಳಗೆ ಎಡ ಬಲ, ಎಡ ಬಲ ನಡೆದಿತ್ತು. ಎತ್ತು ನಿಧಾನಿಸಿದರೆ ಬಾರಕೋಲು ತಾನೇ ಏಳುತ್ತಿತ್ತು. ಆಕೆ ಹೆಂಟೆಗಳ ಮೇಲೆ ಅರ್ಧ ಓಡುತ್ತ, ಒಂದು ಕೈಯಲ್ಲಿ ಉಡಿ ಹಿಡಿದು, ಇನ್ನೊಂದು ಕೈಯಲ್ಲಿ ಬೀಜ ಬಿಡುತ್ತ ಬಂದಳು.

ಬುತ್ತಿ ತಂದ ಅವ್ವ ಬದುವಿನ ಮೇಲೆ ನಿಂತು ಬಾಯಿ ಮೇಲೆ ಕೈ ಇಟ್ಟಳು. "ನಿಮ್ಮಪ್ಪ ಎರಡು ದಿನ ಬಿತ್ತತಿದ್ದ ಹೊಲ ಇದು. ಬಿಸಲು ನೆತ್ತಿಗೆ ಬರೋದ್ರಾಗ ಮುಗಿಸೀಯಲ್ಲೋ ತಮ್ಮಾ!"

ಹೆಂಡತಿ ಬೀಜದ ಚೀಲ ನನ್ನ ಮುಂದೆ ಇಟ್ಟಳು. ಹೊಲದಲ್ಲಿ ಬೀಳಬೇಕಾಗಿದ್ದ ಜೋಳ ಅದರ ತಳದಲ್ಲಿ ಇನ್ನೂ ಕೂತಿತ್ತು. "ಉಳದೈತ್ರಿ," ಅಂದಳು.

"ಉಳದ್ರ ತಿನ್ನಾಕ ಆತು," ಅಂದೆ ನಾನು.

ಉಳಿಯಬಾರದೆಂದು ಗೊತ್ತಿರದ ಒಕ್ಕಲಿಗ ಯಾರು? ನನಗೆ ಆ ಕ್ಷಣವೇ ಗೊತ್ತಾಯಿತು. ರೊಟ್ಟಿ ತಿಂದೆ.

ಎಂಟನೇ ದಿನ ಮೊಳಕೆ ಎದ್ದವು. ಒಂದು ಇಲ್ಲಿ, ಒಂದು ಅಲ್ಲಿ, ನಡುವೆ ಗೇಣಗಲ ಬರೀ ಕರಿಮಣ್ಣು. ಪಕ್ಕದ ಹೊಲದ ಮುದುಕ ಬದುವಿಗೆ ಬಂದು ನಿಂತ. ಅಪ್ಪನ ಸರೀಕ, ನಾನು ಕಾಕಾ ಅನ್ನುತ್ತಿದ್ದೆ, ಹೆಂಡತಿ ಮಾವ ಅನ್ನುತ್ತಿದ್ದಳು. ಆತ ಬಹಳ ಹೊತ್ತು ಸಾಲುಗಳನ್ನು ನೋಡಿದ.

"ಬೀಜಾ ಯಾರು ಬಿಟ್ಟಿದ್ರಲೇ?"

ಎತ್ತು ಯಾರು ಹೊಡೆದಿದ್ದರು ಅಂತ ಕೇಳಲಿಲ್ಲ. ನಮ್ಮ ಕಡೆ ಅದನ್ನು ಯಾರೂ ಕೇಳುವುದಿಲ್ಲ.

"ಮನ್ಯಾಕಿ," ಅಂದೆ.

"ಆಕಿ ಕೈ ಹಿಂಗಿರ್ಲಿಲ್ಲೋ," ಅಂದ ಕಾಕಾ, ತನಗೇ ಹೇಳಿಕೊಂಡಂತೆ. "ಪಾಪ, ಕೂಸು ಹೋತಲ್ಲ."

ಆ ಮಾತು ಬದು ದಾಟಿ ಊರಿಗೆ ಹೋಯಿತು. ಕೂಸಿನ ಸಂಗಾಟ ಆಕೆಯ ಕೈಯೂ ಹೋಗೇತಿ ಅಂತ ಬಾವಿಯ ಕಟ್ಟೆಯಲ್ಲಿ, ಗಿರಣಿಯಲ್ಲಿ ಹೆಂಗಸರು ಮರುಗಿದರು. ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವ್ವ ಕೂಡ ಕಣ್ಣೀರು ಹಾಕಿಯೇ ನಿರ್ಧಾರ ಮಾಡಿದಳು: "ಬರೋ ವರ್ಷ ಬ್ಯಾರೆ ಕೈ ಹಚ್ಚೂಣು."

ಹೆಂಡತಿ ನನಗೆ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಹೆದರಿಕೆಯಿಂದ ಅಲ್ಲ, ಮರ್ಯಾದೆಗೆ ಅಂಜಿಯೂ ಅಲ್ಲ. ಹೇಳಬೇಕು ಅನ್ನುವುದು ಒಳಗಿನಿಂದ ಏಳಬೇಕಲ್ಲ, ಅದು ಏಳಲಿಲ್ಲ. ಎದ್ದೆ, ದನಕ್ಕೆ ಮೇವು ಹಾಕಿದೆ, ಉಂಡೆ, ಮಲಗಿದೆ. ಒಂದು ವರ್ಷ ಹಾಗೇ ಹೋಯಿತು.

ಮರುವರ್ಷ ಅವ್ವ ತುರ್ವಿಹಾಳದ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಒಬ್ಬ ಕೂಲಿ ಹೆಂಗಸನ್ನು ಕರೆಸಿದಳು. ಗಟ್ಟಿ ಬಾಯಿಯ ಹೆಂಗಸು. ನಾನು ಎತ್ತು ಹೊಡೆದೆ. ಅರ್ಧ ಸಾಲು ಆಗಿರಲಿಲ್ಲ, ಆಕೆ ಕೂರಿಗೆಯನ್ನೇ ಹಿಂದಕ್ಕೆ ಜಗ್ಗಿ ನಿಲ್ಲಿಸಿದಳು.

"ಏ ಪಲ್ಟನ್ ಅಣ್ಣಾ! ನಿನ್ನ ಹಿಂದ ಪೊಲೀಸರು ಬೆನ್ನ ಹತ್ಯಾರೇನು? ನಿನ್ನ ಕಾಲಿಗೆ ನನ್ನ ಕೈ ಓಡಂಗಿಲ್ಲ. ಬಸರಿ ಹೆಂಗಸು ನಡದಂಗ ನಡಿ, ಇಲ್ಲಂದ್ರ ನಾ ಮನಿಗೆ ಹೊಂಟೆ."

ಸಾಲಿಗೆ ನಾಲ್ಕು ಸಲ ಕೂಗಿ ಕೂಗಿ ಆಕೆ ನನ್ನನ್ನು ಎಳೆದು ಹಿಡಿದಳು. ಎರಡು ದಿನ ಹಿಡಿಯಿತು. ಚೀಲ ಕೊಡವಿದರೆ ಒಂದು ಕಾಳು ಇರಲಿಲ್ಲ. ಮೊಳಕೆ ಬಂದಾಗ ಹಗ್ಗ ಹಿಡಿದು ಎಳೆದಂತೆ ಸಾಲು.

ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅದೇ ಹೊಲ, ಅದೇ ಎತ್ತು, ಅದೇ ನಾನು; ಕೈ ಮಾತ್ರ ಬೇರೆ. ನನ್ನ ಹೆಂಡತಿಯ ಕೈ ಒಣಗಿದ್ದು ಖರೇ ಅಂತ ತೀರ್ಮಾನವಾಯಿತು. ಅದೇ ವರ್ಷ, ಕೂಲಿ ಹೆಂಗಸು ಬಂದು ಬಿತ್ತುವ ಮೊದಲು, ಆಕೆ ನಾಲ್ಕು ದಿನ ಹೊತ್ತು ಹುಟ್ಟುವ ಮೊದಲೇ ಎದ್ದು ಅಂಗಳ ಸಾರಿಸಿ, ಹೊಸ್ತಿಲು ತೊಳೆದು, ಮೈ ತೊಳೆದುಕೊಂಡು ಒಳಬಾಗಿಲಲ್ಲಿ ಕೂಡುತ್ತಿದ್ದಳು. ಅರಿಷಿಣ ಹಿಡಿದು ಯಾರೂ ಬರಲಿಲ್ಲ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಎದ್ದು ಒಲೆ ಹಚ್ಚುತ್ತಿದ್ದಳು. ಐದನೇ ದಿನ ಹೊಸ್ತಿಲು ತೊಳೆಯಲಿಲ್ಲ. ನಾನು ದನದ ಕೊಟ್ಟಿಗೆಯಿಂದ ಎಲ್ಲವನ್ನೂ ನೋಡಿದೆ.

ಮೂರನೇ ವರ್ಷ, ಹೊಲ ಹದಕ್ಕೆ ಬಂದ ದಿನ, ಆಕೆ ರೊಟ್ಟಿ ಬಡಿಯುತ್ತ ಅವ್ವನನ್ನು ಕೇಳಿದಳು: "ಅತ್ತಿ, ಈ ಸಲ ನಾ ಬಿಡ್ಲೇನು?"

"ಬ್ಯಾಡ ನನ್ನವ್ವ," ಅಂದಳು ಅವ್ವ. "ನಿನ್ನ ಮ್ಯಾಲ ನಂಗೇನು ಸಿಟ್ಟಿಲ್ಲ. ಹೊಲ ಒಮ್ಮೆ ತಪ್ಪಿದ್ದು ಸಾಕು."

ಆಕೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಮೋಟಾರು ಬರುತ್ತದೋ ಇಲ್ಲವೋ ಅಂತ ದಾರಿಯ ಕಡೆ ಒಮ್ಮೆ ನೋಡುತ್ತೇವಲ್ಲ, ಹಾಗೆ. ನೋಡಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

"ಅವ್ವಾ, ಆಕಿ ಕೈ ತಪ್ಪಲ್ಲ," ಅಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ನಾ ಜೋರು ನಡದೆ. ಮೆಲ್ಲಕ ಅಂತ ಆಕಿ ಮೂರು ಸಲ ಅಂದ್ಲು. ನಾ ನಿಂದ್ರಲಿಲ್ಲ."

ಅವ್ವ ನಕ್ಕಳು. "ಹೇಂತಿ ಮ್ಯಾಲಿನ ಮಾಯಾ ಮಾತಾಡಸಾಕತ್ತೈತಿ. ಅನ್ನು ತಮ್ಮಾ, ಕೇಳಾಕ ಚಂದೈತಿ."

ಮನೆಯಲ್ಲಿ ನಂಬದ ಮೇಲೆ ಅಗಸಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ, ಸುತ್ತ ಐದಾರು ಮಂದಿ. ಎಲ್ಲರ ಮುಂದೆ ಅದೇ ಮಾತು ಹೇಳಿದೆ. ಒಬ್ಬ ನಕ್ಕ. ಕಾಕಾ ನಗಲಿಲ್ಲ. ಎದ್ದು ಧೋತರ ಎತ್ತಿ ಕಟ್ಟಿದ.

"ಬಾ, ನನ್ನ ಸಂಗಾಟ ನಡಿ. ಇಲ್ಲಿಂದ ಬಾವಿ ತನಕ. ನಾ ಕೂರಿಗಿ ಹೊಡಿಯೋ ನಡಿಗಿ ನಡೀತೀನಿ, ನೀ ನಿನ್ನ ನಡಿಗಿ ನಡಿ."

ಅರವತ್ತು ದಾಟಿದ ಮುದುಕ ಒಂದು ಕಡೆ, ನಾನೊಂದು ಕಡೆ. ಕಟ್ಟೆಯವರು ಸಿಳ್ಳೆ ಹಾಕಿದರು. ನಾನು ಬಾವಿ ಮುಟ್ಟಿ ತಿರುಗಿ ನೋಡಿದರೆ ಆತ ಇನ್ನೂ ಅರ್ಧ ದಾರಿಗೆ ಬಂದಿರಲಿಲ್ಲ. ಅಲ್ಲಿಯೇ ನಿಂತುಬಿಟ್ಟ. ಸಿಳ್ಳೆಯೂ ನಿಂತಿತು. ನಾನು ತಿರುಗಿ ಆತನ ಹತ್ತಿರ ಬಂದೆ.

"ಇದು ನಿನಗ ಎಂದಿನಿಂದ ಗೊತ್ತಿತ್ತು?"

"ಬಿತ್ತಿದ ದಿನಾನ. ಬೀಜ ಉಳದಿತ್ತು."

"ಎರಡು ವರ್ಷ ಆ ಹೆಣ್ಮಗಳ ಕೈಗೆ ಮಣ್ಣು ಹಾಕಿ ಸುಮ್ಮಕ ಕುಂತಿಯಲ್ಲೋ!" ಅಂದ ಕಾಕಾ. "ನಾನೂ ಹಾಕಿದೆ. ನಂಗ ಗೊತ್ತಿರ್ಲಿಲ್ಲ. ನಿಂಗ ಗೊತ್ತಿತ್ತು."

ಮರುದಿನ ಮುಂಜಾನೆ ಕಾಕಾ, ಹಿಂದೆ ಆತನ ಹೆಂಡತಿ, ತಾಟಿನಲ್ಲಿ ಅರಿಷಿಣ, ಕುಂಕುಮ, ಐದು ಎಲೆ ಹಿಡಿದು ನಮ್ಮ ಹೊಸ್ತಿಲಿಗೆ ಬಂದರು. ಹೊಸ್ತಿಲು ತೊಳೆದಿರಲಿಲ್ಲ. ಹೆಂಡತಿ ಸೆರಗು ಸರಿ ಮಾಡಿಕೊಂಡು ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, "ಬರ್ತೀನಿ ಮಾವ," ಅಂದಳು. ಅವ್ವ ಗೋಡೆಗೆ ಒರಗಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. "ತಪ್ಪಾತವ್ವ ನಂದು. ನಾಳೆ ನಮ್ಮ ಹೊಲಕ್ಕೂ ನೀನ ಬಿಡು."

"ನಮ್ಮ ಹೊಲಕ್ಕ ಆ ತುರ್ವಿಹಾಳದಾಕೀನ ಬರ್ಲಿ ಅತ್ತಿ," ಅಂದಳು ಹೆಂಡತಿ.

ಮೇವಿನ ಬಣವೆಯ ಹತ್ತಿರ ಆಕೆ ಒಬ್ಬಳೇ ಸಿಕ್ಕಾಗ ಯಾಕೆ ಅಂತ ಕೇಳಿದೆ. ಈಗ ನಿಧಾನ ನಡೆಯುವುದನ್ನು ಕಲಿತಿದ್ದೇನೆ ಅಂದೆ.

"ಗೊತ್ತೈತ್ರಿ," ಅಂದಳು. ಮೇವು ಹಿರಿಯುವುದನ್ನು ನಿಲ್ಲಿಸಲಿಲ್ಲ. "ಆದ್ರ ನಿಮ್ಮ ಹಿಂದ ಬಂದ್ರ ನಾ ನಿಮ್ಮ ಕಾಲು ನೋಡ್ಕೋತ ಬರ್ತೀನಿ. ಕಾಲು ನೋಡ್ಕೋತ ಬೀಜಾ ಬಿಡಾಕ ಆಗಂಗಿಲ್ಲ." ಹಿರಿದ ಮೇವನ್ನು ಕಂಕುಳಿಗೆ ಒತ್ತಿಕೊಂಡು, "ನಾನ ಹೇಳಬಹುದಿತ್ತು. ನೀವು ಹೇಳ್ತೀರಿ ಅಂತ ಕುಂತೆ," ಅಂದಳು.

ಆಮೇಲೆ ಸಂಸಾರ ಎಲ್ಲರದಂತೆಯೇ ನಡೆಯಿತು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಆಕೆ ನನ್ನ ಅಂಗಿಯ ಗುಂಡಿ ಹಚ್ಚಿದಳು, ನನಗೆ ಜ್ವರ ಬಂದಾಗ ಗಂಜಿ ಕುಡಿಸಿದಳು, ಬೈದಳು, ನಕ್ಕಳು. ಬಿತ್ತಿಗೆ ಬಂದರೆ ಐದಾರು ಹೊಲಕ್ಕೆ ಮೊದಲ ಮುಷ್ಟಿಗೆ ಹೋದಳು. ಕಾಕಾನ ಹೊಲವನ್ನಂತೂ ಪೂರ್ತಿ ಆಕೆಯೇ ಬಿತ್ತುತ್ತಿದ್ದಳು. ನಮ್ಮ ಹೊಲದಲ್ಲಿ ಕೂರಿಗೆಯ ಹಿಂದೆ ಕೂಲಿ ಹೆಂಗಸೇ.

ಕೆಲವು ವರ್ಷ ಕಳೆದ ಮೇಲೆ, ಡ್ಯಾಮಿನ ಕಾಲುವೆಯ ನೀರು ಹತ್ತಿರದ ಗೊರೇಬಾಳದ ಕಡೆ ಬಂತು ಅನ್ನುವ ಸುದ್ದಿ ಇತ್ತು. ನಮ್ಮ ಎರೆಯಲ್ಲೂ ಕಾಲುವೆಯವರು ಸರ್ವೆಯ ಕಲ್ಲು ನೆಟ್ಟು ಹೋಗಿದ್ದರು. ನೀರು ಬಂದರೆ ಭತ್ತ, ಭತ್ತಕ್ಕೆ ಕೂರಿಗೆ ಬೇಡ. ಅದೇ ಕೊನೆಯ ಜೋಳದ ಬಿತ್ತಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ನಿಧಾನವಾಗಿ ಹೊಡೆಯುತ್ತಿದ್ದೆ. ಬದುವಿನಾಚೆ ಕಾಕಾ ಎತ್ತಿನ ಮಗ್ಗುಲಲ್ಲಿ, ಹಿಂದೆ ನನ್ನ ಹೆಂಡತಿ, ಉಡಿ ತುಂಬಿಕೊಂಡು, ತಲೆ ಬಗ್ಗಿಸಿ, ಕೈ ಬಟ್ಟಲಿನ ಮೇಲೆ. ಆತ ಮುದುಕನಾಗಿದ್ದ, ಮೊದಲಿಗಿಂತಲೂ ನಿಧಾನ. ಆಕೆ ಆತನ ಕಾಲಿನ ಕಡೆ ಒಮ್ಮೆಯೂ ನೋಡಲಿಲ್ಲ.

"ಪಲ್ಟನ್ ಅಣ್ಣಾ," ಅಂದಳು ನನ್ನ ಹಿಂದಿನಿಂದ ಕೂಲಿ ಹೆಂಗಸು. ಈ ಸಲ ಆಕೆ ಕೂಗಲಿಲ್ಲ. "ಎತ್ತು ನಿಂತು ಬಾಳೊತ್ತಾತು ನೋಡು."

ಎತ್ತು ನಿಂತಿದ್ದವು, ನಾನೂ ನಿಂತಿದ್ದೆ. ಹಗ್ಗ ಅಲ್ಲಾಡಿಸಿದೆ. ನಡೆದವು.